ಮೂರು ಊರಿನವರಿಗೆ ಒಂದೇ ಚೀಟಿ

ಬೀಜದ ಕಂಪನಿಗೆ ಫೀಲ್ಡ್‌ಮನ್ ಆಗಿ ಸೇರುವವರಿಗೆ ಈಗ ಹದಿನೈದು ದಿನದ ತರಬೇತಿ ಇದೆ. ಮಣ್ಣು, ರೋಗ, ಔಷಧ, ಮೊಬೈಲಿನಲ್ಲಿ ಹೊಲದ ಫೋಟೊ ಏರಿಸುವುದು, ರೈತರೊಡನೆ ನಯವಾಗಿ ಮಾತಾಡುವುದು, ಎಲ್ಲ ಕಲಿಸುತ್ತಾರೆ. ಬ್ರೆಜಿಲಿನಿಂದ ಬಂದವರನ್ನು ಏನೆಂದು ಕರೆಯಬೇಕು, ಮೆಕ್ಸಿಕೋದವರನ್ನು ಏನೆಂದು ಕರೆಯಬೇಕು ಎಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ನನಗೂ ಕಲಿಸಿರಲಿಲ್ಲ. ಅದರಿಂದಾಗಿ ಒಮ್ಮೆ ಒಂದೂರಿನ ನಲವತ್ತು ಹೆಣ್ಣುಮಕ್ಕಳ ಕೆಲಸವೇ ಹೋಗುವುದರಲ್ಲಿತ್ತು. ಹಾಗಾಗಿ ನಿವೃತ್ತನಾದ ಮೇಲೆ ಮೊದಲು ಇದನ್ನೇ ಬರೆಯಲು ಕುಳಿತಿದ್ದೇನೆ. ನನಗೆ ಬಡ್ತಿ ಎಷ್ಟು ಸಲ ಬಂತು ಎಂಬುದು ನಿಮಗೆ ಬೇಕಿಲ್ಲ, ಬಂದದ್ದೂ ಅಷ್ಟಕ್ಕಷ್ಟೇ.

ನನ್ನ ಹೆಸರು ಚಂದ್ರಶೇಖರ ಆಡೂರ. ಮನೆ ಶಿಗ್ಗಾಂವದಲ್ಲಿ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳನ್ನು ಮೋಟರ್‌ಸೈಕಲ್ ಮೇಲೆ ಸುತ್ತುವುದು ನನ್ನ ನೌಕರಿಯಾಗಿತ್ತು. ನಮ್ಮ ರೈತರು ಹೈಬ್ರಿಡ್ ಮೆಣಸಿನಕಾಯಿ ಬೀಜ ಬೆಳೆದು ಕೊಡುತ್ತಾರೆ. ಒಂದು ತಳಿ ಹೆಣ್ಣು, ಇನ್ನೊಂದು ತಳಿ ಗಂಡು. ಹೆಣ್ಣು ಗಿಡದ ಮೊಗ್ಗನ್ನು ಸಂಜೆ ಬಿಡಿಸಿ, ಅದರೊಳಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಿ, ಆ ಹೂವಿಗೊಂದು ದಾರ ಕಟ್ಟುವುದು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಹೂವು ಕಾಯಾಗಿ, ಕಾಯಿ ಹಣ್ಣಾಗುವವರೆಗೆ ಆ ದಾರ ಬಿಚ್ಚುವಂತಿಲ್ಲ. ಬಿಚ್ಚಿದರೆ ಯಾವ ಕಾಯಿ ಕ್ರಾಸಿಂಗಿನದು, ಯಾವುದು ತಾನಾಗಿ ಆದದ್ದು ಎಂದು ದೇವರಿಗೂ ತಿಳಿಯುವುದಿಲ್ಲ. ಹೆಂಗಸರ ಬೆರಳಿಗೆ ಒಗ್ಗಿದ ಕೆಲಸ ಇದು. ನಾನು ಎಷ್ಟು ಸಲ ಪ್ರಯತ್ನಿಸಿದರೂ ಮೊಗ್ಗೇ ಕೈಗೆ ಬರುತ್ತಿತ್ತು.

ಗಿಡದ ಸಾಲಿಗೆಲ್ಲ ತಳಿಯ ಹೆಸರಿನ ಚೀಟಿ ಕಟ್ಟಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಡಸದ ಒಂದು ಹೊಲದಲ್ಲಿ ಬಸ್ಸಿನ ಅವಸರಕ್ಕೆ ನಾನು ಎರಡು ಚೀಟಿ ಅದಲು ಬದಲು ಮಾಡಿದೆ. ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರ ಕಣ್ಣಿಗೆ ಮರುದಿನವೇ ಬಿತ್ತು. ಅವರು ಬೈಯಲಿಲ್ಲ. ಆದರೆ ಅಂದಿನಿಂದ ನನ್ನನ್ನು ಪಾಟೀಲ ಎಂದು ಕರೆಯತೊಡಗಿದರು. ಪಾಟೀಲ ನನ್ನ ಜೊತೆಯ ಫೀಲ್ಡ್‌ಮನ್. ಆಫೀಸಿನಲ್ಲಿ ಪಾಟೀಲ, ಹೊಲದಲ್ಲಿ ಪಾಟೀಲ, ರೈತರ ಮುಂದೆಯೂ ಪಾಟೀಲ. ವಾರದ ಕೊನೆಗೆ ತಡೆಯಲಾರದೆ, ಸರ್, ನಾನು ಆಡೂರ ಎಂದೆ.

"ಗಿಡಕ್ಕ ಬಾಯಿ ಇಲ್ಲ. ಬ್ಯಾರೆ ಹೆಸರು ಕಟ್ಟಿದ್ರೂ ಸುಮ್ನ ನಿಂತಿರ್ತೈತಿ. ನಿಮಗ ಬಾಯಿ ಐತಿ, ಒಂದು ವಾರ ತಡಕೊಳ್ಳಾಕ ಆಗಲಿಲ್ಲ ನೋಡ್ರಿ" ಎಂದರು. ಆ ಮಾತನ್ನು ಮುಂದೆ ಹೊಲದ ಹೆಂಗಸರಿಗೂ ಹೇಳಿಕೊಟ್ಟೆ. ನನ್ನ ಇಡೀ ನೌಕರಿಯಲ್ಲಿ ಒಂದೇ ಒಂದು ಚೀಟಿ ತಪ್ಪಲಿಲ್ಲ. ಗಿಡದ್ದು ತಪ್ಪಲಿಲ್ಲ ಎನ್ನಬೇಕು.

ಬೀಜ ಕೊಳ್ಳುವವರು ಹೊರದೇಶದವರು. ಬೆಳೆ ಹೂವಿಗೆ ಬಂದಾಗ ನೋಡಲು ಬರುತ್ತಿದ್ದರು. ಮೊದಲು ಬಂದದ್ದು ಕೆನಡಾದ ಒಬ್ಬ ಹೆಣ್ಣುಮಗಳು. ನಾನು ಶಿಗ್ಗಾಂವದ ರೈತರಿಗೆ, ಇವರು ಅಮೆರಿಕದ ಮೇಡಂ ಎಂದು ಪರಿಚಯಿಸಿದೆ. ಆಕೆಯ ಚೀಲದ ಮೇಲೆ ಕೆಂಪು ಎಲೆಯೊಂದನ್ನು ಹೊಲಿದಿದ್ದರು. ನಾನು ಅಮೆರಿಕ ಎಂದಾಗೆಲ್ಲ ಆಕೆ ಚೀಲವನ್ನು ತಿರುಗಿಸಿ ಎಲೆ ನನ್ನ ಕಡೆಗೆ ಬರುವಂತೆ ಇಡುತ್ತಿದ್ದಳು. ಮೂರನೆಯ ಸಲ ಇಟ್ಟಾಗ, ನಿಮ್ಮ ಅಮೆರಿಕದ ಎಲೆ ಬಹಳ ಚೆನ್ನಾಗಿದೆ ಎಂದು ನನ್ನ ಇಂಗ್ಲಿಷಿನಲ್ಲಿ ಹೊಗಳಿದೆ. ಆಗ ಆಕೆ ಮೆಲ್ಲಗೆ, ತಾನು ಕೆನಡಾದವಳು, ಅದು ಅಮೆರಿಕದ ಮಗ್ಗುಲಿಗಿರುವ ಬೇರೆ ದೇಶ ಎಂದಳು. ರೈತರಿಗೆ ಇದನ್ನು ಹೇಗೆ ತಿಳಿಸುವುದು? ಇವರು ಅಮೆರಿಕದ ಮೇಲಿನ ಓಣಿಯವರು ಎಂದೆ. ಎಲ್ಲರಿಗೂ ತಕ್ಷಣ ತಿಳಿಯಿತು. ಒಬ್ಬ ಹಿರಿಯರು, ಕೆಳಗಿನ ಓಣಿಯವರ ಜೊತೆ ಜಗಳ ಇದೆಯೋ ಹೇಗೆ ಕೇಳಿ ಎಂದರು. ಕೇಳಿದೆ. ಆಗಾಗ ಇರುತ್ತದೆ ಎಂದು ಆಕೆ ನಕ್ಕಳು. ಅಂದಿನ ಭೇಟಿ ಸುಖವಾಗಿ ಮುಗಿಯಿತು.

ಅದರಿಂದ ನಾನೊಂದು ಲೆಕ್ಕ ಹಾಕಿಕೊಂಡೆ. ಸಂಯುಕ್ತ ಸಂಸ್ಥಾನದವರು ಮಾತ್ರ ಅಮೆರಿಕದವರು. ಉಳಿದವರು ತಮ್ಮ ತಮ್ಮ ದೇಶದವರು, ಕೆನಡಾ ಬಿಟ್ಟರೆ ಅವರೆಲ್ಲ ಸ್ಪ್ಯಾನಿಷ್ ಮಾತಾಡುತ್ತಾರೆ. ಆಮೇಲೆ ಬಂದವನು ಬ್ರೆಜಿಲಿನ ಪಾವ್ಲೊ. ಅವನನ್ನು ಸವಣೂರಿನ ಖಾದರಸಾಬರ ಮನೆಗೆ ಕರೆದುಕೊಂಡು ಹೋದೆ. ಖಾದರಸಾಬರದು ಎಲೆ ಬಳ್ಳಿಯ ತೋಟ, ಜೊತೆಗೆ ನಮ್ಮ ಬೀಜದ ಮೆಣಸಿನ ಗಿಡ. ಮೇಜಿನ ಮೇಲೆ ಸವಣೂರು ಖಾರದ ಕುರುಕಲು, ಬಾಳೆಹಣ್ಣು, ಎಳೆಯ ವೀಳ್ಯದೆಲೆ. ನಾನು ಮೂರು ದಿನ ಮೊಬೈಲ್ ನೋಡಿ ಬಾಯಿಪಾಠ ಮಾಡಿದ್ದ ಸ್ಪ್ಯಾನಿಷ್ ನಮಸ್ಕಾರವನ್ನು ಒಂದೇ ಉಸಿರಿಗೆ ಹೇಳಿದೆ. ಪಾವ್ಲೊ ತಾಳ್ಮೆಯಿಂದ ಪೂರ್ತಿ ಕೇಳಿ, ತಮ್ಮಲ್ಲಿ ಆಡುವುದು ಪೋರ್ಚುಗೀಸ್ ಎಂದ.

ಏನಾಯಿತೆಂದು ಖಾದರಸಾಬರು ಕೇಳಿದರು. ಹೇಳಿದೆ. ಅವರು ಖಾರದ ತಟ್ಟೆಯನ್ನು ಪಾವ್ಲೊನ ಕಡೆ ಸರಿಸುತ್ತ, "ನನ್ನ ಟೊಪ್ಪಿಗಿ ನೋಡಿದ ಕೂಡ್ಲೆ ಹೊರಗಿನ ಆಫೀಸರು ಹಿಂದ್ಯಾಗ ಮಾತು ಶುರು ಮಾಡ್ತಾರ್ರಿ. ನಾ ಕನ್ನಡ ಸಾಲ್ಯಾಗ ಕಲ್ತಾಂವ. ಇವತ್ತ ನೀವು ಇವ್ರಿಗೆ ಅದನ್ನ ಮಾಡಿದ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾತು ಬದಲಿಸಲು ನಾನು ಪಾವ್ಲೊನನ್ನು, ಹಾಗಾದರೆ ನೀವು ಅಮೆರಿಕ ನೋಡಿದ್ದೀರಾ ಎಂದು ಕೇಳಿದೆ. ಅವನು ಎದೆಯ ಮೇಲೆ ಕೈಯಿಟ್ಟು, ನಾನೂ ಅಮೆರಿಕದವನೇ ಎಂದ. ಅಮೆರಿಕ ಎಂದರೆ ಒಂದು ದೇಶದ ಹೆಸರಲ್ಲ, ಮೇಲಿನ ಹಿಮದಿಂದ ಕೆಳಗಿನ ಹಿಮದವರೆಗೆ ಇರುವ ನೆಲವೆಲ್ಲ ಅಮೆರಿಕ, ಒಬ್ಬರೇ ಆ ಹೆಸರು ಇಟ್ಟುಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು ಎಂದ. ಸಂಯುಕ್ತ ಸಂಸ್ಥಾನದವರಿಗೆ ಪೋರ್ಚುಗೀಸಿನಲ್ಲಿ ಬೇರೆಯೇ ಒಂದು ಪದ ಇದೆಯಂತೆ. ಆ ಪದ ನನ್ನ ಬಾಯಲ್ಲಿ ನಿಲ್ಲಲಿಲ್ಲ. ಆದರೆ ಮಾತಿನ ಸಾರ ನಿಂತಿತು. ಎಲ್ಲರೂ ಅಮೆರಿಕದವರೇ ಎಂದಮೇಲೆ ಇನ್ನು ದೇಶದ ಹೆಸರಿನ ತಲೆನೋವೇ ಬೇಡ ಎಂದು ನಿರಾಳವಾಗಿ ಮನೆಗೆ ಹೋದೆ. ನನ್ನ ಅತಿದೊಡ್ಡ ಎಡವಟ್ಟಿಗೆ ಬೀಜ ಬಿದ್ದದ್ದು ಅವತ್ತು.

ಹಿರೇಕೆರೂರು ತಾಲ್ಲೂಕಿನ ಕಣವಿಹಾಳದಲ್ಲಿ ನಲವತ್ತು ಹೆಂಗಸರು ನಮ್ಮ ಕ್ರಾಸಿಂಗ್ ಕೆಲಸ ಮಾಡುತ್ತಿದ್ದರು. ಅವರಿಗೆ ಮುಂದಾಳು ಗಿರಿಜವ್ವ. ಮೊಗ್ಗನ್ನು ದೂರದಿಂದ ನೋಡಿಯೇ ಇದು ಇವತ್ತಿನದು, ಇದು ನಾಳಿನದು ಎಂದು ಹೇಳಬಲ್ಲವಳು. ಆ ವರ್ಷ ಕಂಪನಿ ಕೆಲಸವನ್ನು ಒಂದೇ ಕಡೆ ಇಡಲು ನಿರ್ಧರಿಸಿತ್ತು. ಕಣವಿಹಾಳದಲ್ಲಿ ಇಡಬೇಕೋ, ಬೇರೆ ಜಿಲ್ಲೆಯ ಇನ್ನೊಂದು ಊರಲ್ಲಿ ಇಡಬೇಕೋ ಎಂದು ತೀರ್ಮಾನಿಸಲು ಕೊಳ್ಳುವವರ ಕಡೆಯಿಂದ ಮೂವರು ಬರುವವರಿದ್ದರು. ಹಿಂದಿನ ದಿನ ಗಿರಿಜವ್ವ ನನ್ನನ್ನು ಗಿಡಗಳ ಸುತ್ತ ಬಲೆ ಕಟ್ಟಿದ ನೆಟ್ ಹೌಸಿನ ಬಾಗಿಲಲ್ಲಿ ನಿಲ್ಲಿಸಿ, "ಊರಾಗ ಕೆಲಸ ಐತಿ ಅಂತ ನಮ್ಮ ಹುಡುಗ್ಯಾರು ಸಾಲಿಗೆ ಹೊಂಟಾವ್ರಿ ಸಾಹೇಬ್ರ. ಇದು ಹ್ವಾದ್ರ ನಾವು ಮತ್ತ ನಸುಕಿನ್ಯಾಗ ಬ್ಯಾರೆ ಊರ ಕೂಲಿಗೆ ಟೆಂಪೊ ಹತ್ತಬೇಕು. ಸಣ್ಣವನ್ನ ನೋಡ್ಕೊಳ್ಳಾಕ ದೊಡ್ಡಾಕಿ ಸಾಲಿ ಬಿಡ್ತಾಳ" ಎಂದಳು. ನಾನಿದ್ದೇನೆ, ಚಿಂತೆ ಮಾಡಬೇಡ ಎಂದೆ.

ನಾನು ಇದ್ದುದಕ್ಕೆ ಸಾಕ್ಷಿಯಾಗಿ ಶಿಗ್ಗಾಂವದ ಫ್ಲೆಕ್ಸ್ ಅಂಗಡಿಯಲ್ಲಿ ಹನ್ನೆರಡು ಅಡಿಯ ಬ್ಯಾನರ್ ಮಾಡಿಸಿದ್ದೆ. "ಅಮೆರಿಕದ ಗಣ್ಯರಿಗೆ ಹಾರ್ದಿಕ ಸುಸ್ವಾಗತ." ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿಯೂ ಇತ್ತು. ಅಮೆರಿಕ ಎಂದಕೂಡಲೇ ಅಂಗಡಿಯವನು ತನ್ನ ಕಂಪ್ಯೂಟರಿನಿಂದ ಪಟ್ಟೆ ಮತ್ತು ನಕ್ಷತ್ರದ ಬಾವುಟ ತೆಗೆದ, ಪಂಜು ಹಿಡಿದ ದೇವಿಯನ್ನು ತೆಗೆದ. ಒಂದು ಮೂಲೆ ಖಾಲಿ ಉಳಿಯಿತು ಎಂದು ಕೈಮುಗಿದು ನಿಂತ ನನ್ನ ಫೋಟೊ ಹಾಕಿದ. ನನಗೂ ಚೆನ್ನಾಗಿಯೇ ಕಂಡಿತು.

ಕಾರಿನಿಂದ ಮೂವರು ಇಳಿದರು. ಗಿಡ್ಡನೆಯ, ನಮ್ಮ ಬಣ್ಣದ ಒಬ್ಬ ಹೆಣ್ಣುಮಗಳು. ಒಬ್ಬ ನಗುಮೊಗದ ಗಡ್ಡದವನು. ಆರಡಿ ಎತ್ತರದ ಒಬ್ಬ ಬಿಳಿಯ. ಹಾವೇರಿಯ ಯಾಲಕ್ಕಿ ಹಾರವನ್ನು ನಾನು ಸೀದಾ ಎತ್ತರದವನ ಕೊರಳಿಗೆ ಹಾಕಿದೆ. ಅವನು ಬ್ಯಾನರ್ ನೋಡಿ ಕಿವಿಯವರೆಗೆ ಕೆಂಪಾದ. ಹಾರ ತೆಗೆದು ಹೆಣ್ಣುಮಗಳ ಕೊರಳಿಗೆ ಹಾಕಿದ. ಎಂಥ ವಿನಯ ಎಂದುಕೊಂಡು ನಾನು ಅದನ್ನು ತೆಗೆದು ಮತ್ತೆ ಅವನಿಗೇ ಹಾಕಿದೆ. ಅವನು ಮತ್ತೆ ತೆಗೆದ. ಗಡ್ಡದವನು ಇದನ್ನೆಲ್ಲ ವಿಡಿಯೊ ಮಾಡುತ್ತಿದ್ದ. ಜೊತೆಗೆ ಬಂದಿದ್ದ ದೇಸಾಯಿ ಸಾಹೇಬರು ನನ್ನನ್ನು ನೋಡಲಿಲ್ಲ, ನೆಲ ನೋಡಿದರು. ಆಮೇಲೆ ಕಿವಿಯಲ್ಲಿ ಹೇಳಿದರು: ಆ ಹೆಣ್ಣುಮಗಳು ಮೆಕ್ಸಿಕೋದ ಮಾರಿಸೋಲ್, ತೀರ್ಮಾನ ಆಕೆಯದು. ಗಡ್ಡದವನು ಚಿಲಿಯವನು. ಬ್ಯಾನರಿನ ಬಾವುಟದ ದೇಶದವನು ಎತ್ತರದವನೊಬ್ಬನೇ, ಅವನು ಆಕೆಯ ಕೈಕೆಳಗಿನವನು.

ಮಾರಿಸೋಲ್ ಮೂರು ತಾಸು ಹೊಲದಲ್ಲಿದ್ದಳು. ಪ್ರತಿ ಸಾಲಿನ ಚೀಟಿ ಓದಿದಳು. ದಾರ ಕಟ್ಟಿದ ಹೂವು ಎಣಿಸಿದಳು. ಬೆರಕೆ ಗಿಡ ಹುಡುಕಿದಳು. ಒಂದೂ ಸಿಗಲಿಲ್ಲ. ಕೊನೆಗೆ ಬ್ಯಾನರಿನ ಕೆಳಗೆ ಕುರ್ಚಿ ಹಾಕಿ ಕುಳಿತು ಮಾತಾಡಿದಳು. ಇಲ್ಲಿ ಒಂದೊಂದು ಸಾಲಿಗೆ ಒಂದೊಂದು ಹೆಸರಿದೆ, ಯಾವುದೂ ತಪ್ಪಿಲ್ಲ. ನಾವು ಮೂವರು ಮೂರು ದೇಶದವರು, ನಮಗೆಲ್ಲ ಸೇರಿ ಒಂದೇ ಹೆಸರು ಬರೆದಿದ್ದೀರಿ, ಅದೂ ಒಬ್ಬನ ಮನೆಯದು. ಬೀಜದ ವ್ಯಾಪಾರದಲ್ಲಿ ನನಗೆ ಬೇಕಾದದ್ದು ಹೆಸರು ತಪ್ಪದ ಜನ. ಹೊಲವನ್ನು ನಂಬಲೋ, ಈ ಬ್ಯಾನರನ್ನು ನಂಬಲೋ?

ಎಲ್ಲರೂ ಅಮೆರಿಕದವರು ಎಂದು ಬ್ರೆಜಿಲಿನ ಪಾವ್ಲೊ ಹೇಳಿದ್ದ ಎಂದೆ. ಆಕೆ, ಸರಿ, ಅವನು ತನ್ನ ಬಗ್ಗೆ ಹೇಳಿಕೊಂಡದ್ದು, ನೀವು ಆ ಮಾತಿನ ಪಕ್ಕದಲ್ಲಿ ಯಾರ ಬಾವುಟ ಹಾಕಿದ್ದೀರಿ ನೋಡಿ ಎಂದಳು.

ಗಿರಿಜವ್ವ ಏನಂತೆ ಎಂದು ನನ್ನನ್ನು ಕೇಳಿದಳು. ಹೊಲ ಚೆನ್ನಾಗಿದೆ ಅಂತಾರೆ ಎಂದೆ. "ಇಷ್ಟ ಹೊತ್ತು ಮಾತಾಡಿದ್ದಕ್ಕ ಇಷ್ಟಽ ಹೇಳ್ತೀರೇನ್ರಿ? ಪೂರಾ ಹೇಳ್ರಿ" ಎಂದಳು. ನಲವತ್ತು ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪೂರಾ ಹೇಳಿದೆ. ಹೇಳುವಾಗ ಹಿಂದೆ ಬ್ಯಾನರಿನಲ್ಲಿ ನಾನು ಕೈಮುಗಿದು ನಗುತ್ತಿದ್ದೆ.

ಗಿರಿಜವ್ವ ಸೆರಗು ಸರಿಮಾಡಿಕೊಂಡು ಮಾರಿಸೋಲಳ ಎದುರು ನೆಲದ ಮೇಲೆ ಕುಳಿತಳು. ಅವಳು ಅಂದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತಹೋದೆ.

"ಅಕ್ಕಾರ, ನೀವು ಹೇಳೂದು ಖರೇ ಐತ್ರಿ. ನಾ ತಡಸದಾಕಿ. ತಡಸದಾಗ ಇದ್ದಾಗ ನನಗ ಯಾರೂ ತಡಸದಾಕಿ ಅಂದಿಲ್ಲ. ಈ ಊರಿಗೆ ಲಗ್ನ ಆಗಿ ಬಂದ ದಿನದಿಂದ ಅದಽ ನನ್ನ ಹೆಸರು. ಈ ಸಾಹೇಬ್ರ ಅಜ್ಜ ಆಡೂರ ಬಿಟ್ಟು ಬಂದ, ಅದಕ್ಕ ಇವ್ರು ಆಡೂರ. ಊರ ದಾಟಿ ಬಂದವ್ರನ್ನ ಯಾವೂರವ್ರು ಅಂತ ಕೇಳಿ, ಆ ಹೆಸರಲೆ ಕರಿಯೂದು ನಮ್ಮ ಪದ್ಧತಿ. ನೀವು ಇಷ್ಟ ದೂರ ದಾಟಿ ಬಂದೀರಿ. ಗಿಡಕ್ಕ ಬಾಯಿ ಇಲ್ಲ ಅಂತ ಚೀಟಿ ಕಟ್ಟತೀವಿ. ನಿಮಗ ಬಾಯಿ ಐತಿ, ಕೇಳಿದ್ರ ಹೇಳ್ತಿದ್ರಿ. ನಾವು ಕೇಳಲಿಲ್ಲ. ತಪ್ಪು ನಮ್ಮದು."

ಆಮೇಲೆ ಅವಳು ಕೇಳಿದಳು. "ನಿಮ್ಮೂರು ಯಾವುದ್ರಿ?"

ಮೆಕ್ಸಿಕೋ ಎಂದಳು ಮಾರಿಸೋಲ್. ಅದು ದೇಶ ಆಯಿತು, ಊರು ಯಾವುದು ಎಂದಳು ಗಿರಿಜವ್ವ. ಮಾರಿಸೋಲ್, ಓಹಾಕಾ ಕಡೆಯ ಒಂದು ಹಳ್ಳಿ ಎಂದಳು. ಅಲ್ಲಿ ಏನು ಬೆಳೆಯುತ್ತೀರಿ ಎಂಬ ಪ್ರಶ್ನೆ ಬಂತು. ಮೆಣಸಿನಕಾಯಿ, ಈ ಗಿಡ ಮೊದಲು ಹುಟ್ಟಿದ್ದೇ ನಮ್ಮ ಕಡೆ ಎಂದಳು. ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಹೆಂಗಸರಲ್ಲಿ ಗುಜುಗುಜು ಎದ್ದಿತು. ಬ್ಯಾಡಗಿಯ ಮಗ್ಗುಲಲ್ಲಿ ಕುಳಿತು ಇಂಥ ಮಾತು ಕೇಳುವುದು ಯಾರಿಗೂ ಸುಲಭವಲ್ಲ. ಗಿರಿಜವ್ವ ಮಾತ್ರ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. "ಹಂಗಾದ್ರ ಇದರ ತವರುಮನಿ ನಿಮ್ಮೂರು. ತವರಿನವ್ರು ನೋಡಾಕ ಬಂದಾರ, ನಾವು ಊರ ಸೈತ ಕೇಳಿಲ್ಲ" ಎಂದಳು.

ತವರುಮನೆಯನ್ನು ಇಂಗ್ಲಿಷಿಗೆ ತರಲು ನಾನು ಪಟ್ಟ ಪಾಡು ಬೇಡ. ಮದುವೆಯಾದ ಹೆಣ್ಣಿನ ತಾಯಿಯ ಮನೆ ಎಂದು ಸುತ್ತಿಬಳಸಿ ಹೇಳಿದೆ. ಮಾರಿಸೋಲ್ ಗಿಡದ ಕಡೆ ನೋಡಿದಳು, ಗಿರಿಜವ್ವನ ಕಡೆ ನೋಡಿದಳು, ಆ ದಿನ ಮೊದಲ ಸಲ ನಕ್ಕಳು.

ಗಿರಿಜವ್ವ ಸೊಂಟದ ಚೀಲದಿಂದ ಸಾಲಿಗೆ ಕಟ್ಟುವ ಮೂರು ಚೀಟಿ ತೆಗೆದು ನನ್ನ ಕೈಗೆ ಕೊಟ್ಟು, ಒಬ್ಬೊಬ್ಬರ ಊರನ್ನೂ ಕೇಳಿ ಬರೆಯಲು ಹೇಳಿದಳು. ಚಿಲಿಯವನು ಸಮುದ್ರದ ದಂಡೆಯ ತನ್ನ ಊರು ಹೇಳಿದ. ಎತ್ತರದವನ ಸರದಿ ಬಂದಾಗ ಅವನು ಅಭ್ಯಾಸಬಲದಿಂದ ಅಮೆರಿಕ ಎಂದ. ಹೆಂಗಸರೆಲ್ಲ ಒಟ್ಟಿಗೆ ತಲೆ ಅಲ್ಲಾಡಿಸಿದರು. ಆಗ ಅವನು ಅಯೋವಾದ ಜೋಳದ ಹೊಲಗಳ ನಡುವಿನ ಒಂದು ಹಳ್ಳಿಯ ಹೆಸರು ಹೇಳಿ, ಹೊರದೇಶದಲ್ಲಿ ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ ಎಂದ. ಗಿರಿಜವ್ವ ಕ್ರಾಸಿಂಗಿನ ದಾರದಿಂದ ಮೂವರ ಮುಂಗೈಗೂ ಚೀಟಿ ಕಟ್ಟಿದಳು. ಬ್ಯಾನರನ್ನು ನಾನೇ ಇಳಿಸಿ ಮಡಚಿದೆ. ನನ್ನ ಮುಖ ಒಳಗೆ ಬರುವಂತೆ ಮಡಚಿದೆ.

ತೀರ್ಮಾನವನ್ನು ಬರೆದು ತಿಳಿಸುತ್ತೇನೆ ಎಂದು ಮಾರಿಸೋಲ್ ಹೋದಳು. ಆಮೇಲಿನ ದಿನಗಳಲ್ಲಿ ನಾನು ಕಣವಿಹಾಳದ ದಾರಿ ತಪ್ಪಿಸಿ ತಿರುಗುತ್ತಿದ್ದೆ. ಕೊನೆಗೊಂದು ದಿನ ದೇಸಾಯಿ ಸಾಹೇಬರು ನನ್ನನ್ನು ಆಫೀಸಿಗೆ ಕರೆದು ಪತ್ರ ಓದಿದರು. ಕೆಲಸ ಕಣವಿಹಾಳದಲ್ಲಿಯೇ. ಕೆಳಗೆ ಇನ್ನೊಂದು ಸಾಲು ಇತ್ತು: ಮುಂದಿನ ವರ್ಷ ಗ್ವಾಟೆಮಾಲಾದಿಂದ ಇಬ್ಬರು ಬರುತ್ತಾರೆ, ಅವರ ಊರುಗಳ ಹೆಸರು ಹೀಗಿವೆ, ಚೀಟಿ ಬರೆದಿಡಿ. ದೇಸಾಯಿ ಸಾಹೇಬರು ಕನ್ನಡಕ ತೆಗೆದಿಟ್ಟು, "ಚಲೋ ಆತು ಬಿಡ್ರಿ ಪಾಟೀಲ್ರ" ಎಂದರು. ನಾನು ತಿದ್ದಲಿಲ್ಲ. ಆ ಹೆಸರು ನನಗೆ ತಕ್ಕದ್ದೇ ಆಗಿತ್ತು. ಮೋಟರ್‌ಸೈಕಲ್ ಹತ್ತಿ ಕಣವಿಹಾಳಕ್ಕೆ ಹೋಗಿ ಸುದ್ದಿ ಹೇಳುವಾಗ ನನ್ನ ಕಣ್ಣು ತುಂಬಿ ಬಂತು ಎಂದು ಬರೆಯಲು ನಾಚಿಕೆಯಿಲ್ಲ.

ಇದಾದ ಮೇಲೆ ಒಂದು ಭಾನುವಾರ ಆಡೂರಿಗೆ ಹೋದೆ. ಹಾನಗಲ್ಲ ತಾಲ್ಲೂಕಿನಲ್ಲಿಯೇ ಇದೆ, ಹಳೆಯ ಶಾಸನಗಳ ಊರು, ನನ್ನ ಹೆಸರಿನ ಊರು. ಅದರ ಪಕ್ಕದಲ್ಲಿ ನೂರು ಸಲ ಹಾದುಹೋಗಿದ್ದೆ, ಇಳಿದಿರಲಿಲ್ಲ. ಚಹಾದ ಅಂಗಡಿಯವರು ಯಾವೂರಾಯಿತು ಎಂದರು. ಹೆಮ್ಮೆಯಿಂದ ಆಡೂರ ಎಂದೆ. "ಇದು ಆಡೂರ್ರಿ. ನೀವು ಯಾವೂರವ್ರು ಅಂತ ಕೇಳಿದ್ನಿ" ಎಂದರು. ನನ್ನ ಹೆಸರೇ ಆಡೂರ ಎಂದು ಬಿಡಿಸಿ ಹೇಳಿದೆ. ಅವರು ನನ್ನ ಮೋಟರ್‌ಸೈಕಲ್ ನೋಡಿ, ಎಲ್ಲಿಂದ ಹೊರಟದ್ದು ಎಂದು ವಿಚಾರಿಸಿಕೊಂಡು, ಒಳಗೆ ಕೂಗಿ ಶಿಗ್ಗಾಂವದವರಿಗೆ ಒಂದು ಚಹಾ ತರಲು ಹೇಳಿದರು. ಪಾವ್ಲೊ ಎದೆ ಮುಟ್ಟಿಕೊಂಡದ್ದು ನನಗೆ ಸರಿಯಾಗಿ ತಿಳಿದದ್ದು ಆ ಬೆಂಚಿನ ಮೇಲೆ. ಅವನು ತನ್ನ ಅಂಗಳದಲ್ಲಿ ಅಮೆರಿಕದವನು, ನಮ್ಮ ಅಂಗಳಕ್ಕೆ ಬಂದಾಗ ಬ್ರೆಜಿಲಿನವನು, ಇನ್ನೂ ಕೇಳಿದರೆ ಯಾವುದೋ ಒಂದು ಊರಿನವನು. ನಾನು ಅವನ ಊರನ್ನು ಕೇಳಲೇ ಇಲ್ಲ.

ಆದ್ದರಿಂದ ಹೊಸಬರಿಗೆ ನನ್ನ ಮಾತು ಇಷ್ಟೇ. ಇಂಗ್ಲಿಷಿನಲ್ಲಿ ಒಂದೊಂದು ದೇಶದವರಿಗೂ ಒಂದೊಂದು ಪದ ಕಲಿಯಬೇಕು. ಕನ್ನಡದಲ್ಲಿ ಆ ಕಷ್ಟವಿಲ್ಲ, ಪೆರುವಿನವರು, ಕ್ಯೂಬಾದವರು, ಮೆಕ್ಸಿಕೋದವರು ಎಂದರೆ ಮುಗಿಯಿತು. ತಪ್ಪಲು ನಮಗೆ ನೆಪವೇ ಇಲ್ಲ. ಗೊತ್ತಿಲ್ಲದಿದ್ದರೆ ಕೇಳಿ. ಬ್ಯಾನರ್ ಮಾಡಿಸುವುದು ಕೇಳಿದ ಮೇಲೆ.

ನನ್ನ ನೌಕರಿಯ ಕೊನೆಯ ದಿನ ಕಣವಿಹಾಳದ ಹೆಂಗಸರು ಕರೆದಿದ್ದರು. ಶಾಲು ಹೊದಿಸಿದರು, ನಗಾಡಿದರು, ಹಾರವನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದರು. ಹೊರಡುವಾಗ ಗಿರಿಜವ್ವ ನನ್ನ ಮುಂಗೈ ಹಿಡಿದು ಒಂದು ಚೀಟಿ ಕಟ್ಟಿದಳು. ಆಡೂರ ಎಂದಿರಬೇಕು ಎಂದುಕೊಂಡೆ. ನೋಡಿದರೆ ಕಣವಿಹಾಳ ಎಂದಿತ್ತು. ನಾನು ಈ ಊರಿನವನಲ್ಲವಲ್ಲ ಗಿರಿಜವ್ವ ಎಂದೆ.

"ಊರಾಗ ಇದ್ದವ್ರಿಗೆ ಊರ ಹೆಸರು ಬರೂದಿಲ್ರಿ ಸಾಹೇಬ್ರ. ಇವತ್ತ ನೀವು ಬಿಟ್ಟು ಹೊಂಟೀರಿ" ಎಂದಳು.

ಮನೆಗೆ ಬಂದು ಕೈ ತೊಳೆಯುವಾಗ ದಾರ ಬಿಚ್ಚಲು ಹೋದೆ. ಕ್ರಾಸಿಂಗಿನ ಗಂಟು ಅದು. ಹಣ್ಣಾಗುವವರೆಗೆ ಬಿಚ್ಚಬೇಡಿರೆಂದು ಅವರಿಗೆಲ್ಲ ಕಲಿಸಿದವನು ನಾನೇ. ಹಾಗೇ ಬಿಟ್ಟೆ.